ಮೇಪಲ್‌ಥಾರ್ಪ್ ಸಾಕ್ಷ್ಯಚಿತ್ರಕ್ಕೆ ಕನ್ನಡ ಸಬ್‌ಟೈಟಲ್: ಬೆಳಗಾವಿಯಲ್ಲಿ ಕೆಲಸ ಎಲ್ಲಿಗೆ ಬಂತು

ಮೊದಲ 40 ನಿಮಿಷ ಮುಗಿದಿದೆ. ಹೆಚ್ಚು ದಿನ ಹಿಡಿದದ್ದು ಮಾತ್ರ ಶೀರ್ಷಿಕೆ.

ಅಮೆರಿಕದ ಫೋಟೋಗ್ರಾಫರ್ ರಾಬರ್ಟ್ ಮೇಪಲ್‌ಥಾರ್ಪ್ ಏಡ್ಸ್‌ನಿಂದ ತೀರಿಕೊಂಡದ್ದು 1989ರ ಮಾರ್ಚ್ 9ರಂದು. ಅವರ ಫೋಟೋಗಳ ವಿರುದ್ಧ ಸೆನೆಟ್‌ನಲ್ಲಿ ಗುಡುಗಿದ ಸೆನೆಟರ್ ಜೆಸ್ಸಿ ಹೆಲ್ಮ್ಸ್ ಮಾತು 'ಲುಕ್ ಅಟ್ ದ ಪಿಕ್ಚರ್ಸ್'. ಫೆಂಟನ್ ಬೇಲಿ, ರ್‍ಯಾಂಡಿ ಬಾರ್ಬಾಟೊ 2016ರಲ್ಲಿ ಅದನ್ನೇ ತಮ್ಮ ಚಿತ್ರದ ಹೆಸರು ಮಾಡಿದರು. ಹಾಗಾಗಿ ಒಂದೇ ಸಾಲು ಖಂಡನೆಯೂ ಆಗಬೇಕು, ಕರೆಯೂ ಆಗಬೇಕು. 'ಚಿತ್ರಗಳನ್ನು ನೋಡಿ' ಎಂದರೆ ಸಿನಿಮಾ ನೋಡಿ ಅಂದ ಹಾಗಾಗುತ್ತದೆ, ಸಿಟ್ಟೂ ಬರುವುದಿಲ್ಲ. 'ಈ ಫೋಟೋ ನೋಡ್ರಿ' ಎಂದು ಇಟ್ಟಿದ್ದೇವೆ. ನಮ್ಮ ಕಡೆಯ 'ನೋಡ್ರಿ'ಯಲ್ಲಿ ಮರ್ಯಾದೆ ಇದೆ, ಸವಾಲೂ ಇದೆ.

ಉಡುಪಿನ 'ಲೆದರ್' ಅನ್ನು ಚರ್ಮ ಎಂದು ಬರೆಯಬೇಡಿ. ಬೆತ್ತಲೆ ಮೈಯ ಫೋಟೋ ಮುಂದಿರುವಾಗ ಓದುಗ ಅದನ್ನು ಮೈಚರ್ಮ ಎಂದೇ ತಿಳಿಯುತ್ತಾನೆ. ಲೆದರ್ ಎಂದೇ ಇರಲಿ. 'ಸಲಿಂಗಕಾಮಿ' ಪದ ಪೂರ್ತಿ ಕೈಬಿಟ್ಟಿದ್ದೇವೆ. ಒಬ್ಬ ಮನುಷ್ಯನ ಬದುಕನ್ನೆಲ್ಲ ಅದು ಕಾಮಕ್ಕೆ ಇಳಿಸುತ್ತದೆ. ಮಾತಾಡುವವರು 'ಗೇ' ಅಂದಲ್ಲಿ 'ಗೇ', ಉಳಿದ ಕಡೆ 'ಸಲಿಂಗಿ'.

ಟೈಪಿಂಗ್‌ನಲ್ಲಿ ಮೊದಲ ತೊಡಕು 'ನುಡಿ' ಎಂಬ ಕನ್ನಡ ಟೈಪಿಂಗ್ ತಂತ್ರಾಂಶ. ಹಳೇ ನುಡಿಯ ಆಸ್ಕಿ ಫಾಂಟ್‌ನಲ್ಲಿ ಹೊಡೆದ ಫೈಲು ಪ್ಲೇಯರ್‌ನಲ್ಲಿ ಬರೀ ಚಿಹ್ನೆಗಳಾಗಿ ಕಾಣುತ್ತದೆ. ಯೂನಿಕೋಡ್‌ಗೆ ಪರಿವರ್ತಿಸಿ ಯುಟಿಎಫ್-8ನಲ್ಲಿ ಉಳಿಸಬೇಕು. ಎರಡನೆಯದು ಫ್ರೇಮ್ ದರ, ಅಂದರೆ ಸೆಕೆಂಡಿಗೆ ಎಷ್ಟು ಫ್ರೇಮ್ ಎಂಬುದು: 25ಕ್ಕೆ ಹೊಂದಿಸಿದ ಫೈಲನ್ನು 23.976ರ ವಿಡಿಯೋಗೆ ಹಾಕಿದರೆ ಹತ್ತು ನಿಮಿಷಕ್ಕೆ ಸುಮಾರು 25 ಸೆಕೆಂಡ್ ಮುಂಚೆ ಸಾಲು ಬರುತ್ತದೆ. ಆರಂಭವನ್ನು ಸರಿಸಿ ಉಪಯೋಗವಿಲ್ಲ, ಎಲ್ಲ ಸಮಯವನ್ನೂ 1.0427ರಿಂದ ಗುಣಿಸಬೇಕು.

ಸಬ್‌ಟೈಟಲ್ ಸಾಫ್ಟ್‌ವೇರ್ ಕೊಡುವ ಓದುವ ವೇಗದ ಎಚ್ಚರಿಕೆಯನ್ನು ನಂಬಬೇಡಿ. 'ಸ್ತ್ರೀ' ನಮಗೆ ಒಂದು ಅಕ್ಷರ, ಸಾಫ್ಟ್‌ವೇರ್‌ಗೆ ಆರು ಸಂಕೇತ. ಅದು ಕೆಂಪು ತೋರಿಸಿತೆಂದು ಒಳ್ಳೆಯ ಸಾಲುಗಳನ್ನು ಸುಮ್ಮನೆ ಕತ್ತರಿಸಲಾಗಿತ್ತು. ಈಗ ಅಕ್ಷರ ಎಣಿಸಿಯೇ ಸೆಕೆಂಡಿಗೆ 8ರ ಮಿತಿ. ಮರಾಠಿ ಮಾಧ್ಯಮದಲ್ಲಿ ಕಲಿತು ಕನ್ನಡ ನಿಧಾನ ಓದುವವರು ಬೆಳಗಾವಿಯಲ್ಲಿ ಬಹಳ ಮಂದಿ, 10 ಅವರಿಗೆ ಹೆಚ್ಚಾಗುತ್ತದೆ.

ಒತ್ತಕ್ಷರಕ್ಕೆ ಜಾಗ ಬೇಕು. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಎಎಸ್‌ಎಸ್ (ಸಬ್‌ಟೈಟಲ್ ಫೈಲಿನ ಒಂದು ಮಾದರಿ) ಸ್ಟೈಲ್‌ನಲ್ಲಿ ಸಾಲಂತರದ ಆಯ್ಕೆಯೇ ಇಲ್ಲ. ಅದಕ್ಕೆ ಎರಡು ಸಾಲನ್ನು ಎರಡು ಈವೆಂಟ್ (ಬೇರೆ ಬೇರೆ ನಮೂದು) ಮಾಡಿ, 1080 ಎತ್ತರಕ್ಕೆ ನೋಟೊ ಸಾನ್ಸ್ ಕನ್ನಡ ಫಾಂಟ್ 52, ಕೆಳ ಅಂಚು 60 ಮತ್ತು 138 ಇಟ್ಟಿದ್ದೇವೆ. ಅಕ್ಷರ ಜೋಡಿಸುವ ಹಾರ್ಫ್‌ಬಜ್ ಇಲ್ಲದ ಲಿಬಾಸ್‌ನಲ್ಲಿ (ಎಎಸ್‌ಎಸ್ ಸಾಲುಗಳನ್ನು ಪರದೆಗೆ ಬಿಡಿಸುವ ತಂತ್ರಾಂಶ) ಬರ್ನ್ ಮಾಡಿದರೆ, ಅಂದರೆ ಸಾಲನ್ನು ವಿಡಿಯೋದೊಳಗೇ ಅಚ್ಚೊತ್ತಿದರೆ, ಒತ್ತುಗಳು ಬಿಡಿಬಿಡಿಯಾಗುತ್ತವೆ.

ಬಣ್ಣ ಶುದ್ಧ ಬಿಳಿ ಬೇಡ. ಮೇಪಲ್‌ಥಾರ್ಪ್‌ರ ಕ್ಯಾಲಾ ಲಿಲಿ ಹೂವಿನ ಫೋಟೋದಲ್ಲಿ ಕಣ್ಣು ನಿಲ್ಲಬೇಕಾದ್ದು ದಳದ ಅಂಚಿನ ಬೆಳಕಿನ ಮೇಲೆ. ಪಕ್ಕದಲ್ಲಿ ಅದಕ್ಕಿಂತ ಬೆಳ್ಳಗಿನ ಅಕ್ಷರ ಬಂದರೆ ಹೂವು ಮಂಕಾಗುತ್ತದೆ. 80% ಹೊಳಪಿನ ತಿಳಿ ಬೂದು, 3 ಪಿಕ್ಸೆಲ್ ಕಪ್ಪು ಅಂಚು ಸಾಕು. ಹ್ಯಾಸೆಲ್‌ಬ್ಲಾಡ್‌ನ ಕ್ಯಾಮೆರಾದ ಚೌಕ ಫೋಟೋ ಪೂರ್ತಿ ಎತ್ತರಕ್ಕೆ ಬಂದಾಗ ಅಕ್ಕಪಕ್ಕ ಉಳಿಯುವುದು ತಲಾ 420 ಪಿಕ್ಸೆಲ್ ಮಾತ್ರ, ಅಲ್ಲಿ ಸಾಲು ಹಿಡಿಸುವುದಿಲ್ಲ. ಅಂಥಲ್ಲಿ ಒಂದೇ ಸಾಲು, ಮಾತು ಮುಗಿದ ಕೂಡಲೇ ತೆಗೆಯಬೇಕು. ಪ್ರೊಜೆಕ್ಟರ್ 'ಡೈನಾಮಿಕ್' ಮೋಡ್‌ನಲ್ಲಿದ್ದರೆ ಕಪ್ಪಿನೊಳಗಿನ ಮೈಬಣ್ಣದ ಛಾಯೆಗಳೆಲ್ಲ ಅಳಿಸಿಹೋಗುತ್ತವೆ. 'ಸಿನಿಮಾ' ಮೋಡ್, ಬಣ್ಣದ ತಾಪ 6500 ಕೆಲ್ವಿನ್ ಇರಲಿ.

ಮುಂದಿನ ಭಾಗ ಅಮೆರಿಕದ ಸಿನ್ಸಿನಾಟಿ ನಗರದ ಪ್ರಕರಣ: ಮೇಪಲ್‌ಥಾರ್ಪ್‌ರ 175 ಫೋಟೋಗಳ ಪ್ರದರ್ಶನ, ಅವುಗಳಲ್ಲಿ 7 ಫೋಟೋ ಅಶ್ಲೀಲವೆಂದು ಕೇಸು, 1990ರ ಅಕ್ಟೋಬರ್ 5ರಂದು ಖುಲಾಸೆ. ಅಲ್ಲಿನ 'ಆಬ್ಸೀನ್' ಕಾನೂನಿನ ಪದವಾದ್ದರಿಂದ ಎಲ್ಲೆಡೆ 'ಅಶ್ಲೀಲ' ಒಂದೇ ಇರಬೇಕು, ಅಸಭ್ಯ, ಕೊಳಕು ಎಂದು ಬದಲಿಸಬಾರದು. ಹಕ್ಕುದಾರರ ಲಿಖಿತ ಅನುಮತಿ ಇನ್ನೂ ಬಂದಿಲ್ಲ, ಅದು ಕೈಸೇರುವವರೆಗೆ ಚಿತ್ರ ತೋರಿಸಲು ಹಾಲ್ ಕಾಯ್ದಿರಿಸುತ್ತಿಲ್ಲ.