ಐವತ್ತು ಸೀಟಿನ ವಿಮಾನ ಮತ್ತು ಮೂರು ವರ್ಷದ ಗಡುವು

ಬೆಳಗಾವಿ ಕಡೆಯವರು ನಾಲ್ಕು ಜನ ಸೇರಿದರೆ ವಿಮಾನದ ಮಾತು ಬಂದೇ ಬರುತ್ತದೆ. ಇಂದೋರ್ ಫ್ಲೈಟ್ ಇದೆಯಾ, ಸೂರತ್‌ದು ಏನಾಯ್ತು, ಹುಬ್ಬಳ್ಳಿಗೆ ಕೊಟ್ಟಿದ್ದು ನಮಗ್ಯಾಕಿಲ್ಲ, ಇದೇ ರಗಳೆ. ಬೈಗುಳವೆಲ್ಲ ವಿಮಾನ ಕಂಪನಿಗೆ. ಆದರೆ ಸಣ್ಣ ಕಂಪನಿಯ ಲೆಕ್ಕ ಹೇಗಿರುತ್ತದೆ ಅಂತ ಸ್ವಲ್ಪ ನೋಡಿದರೆ, ಇಂಥ ಊರುಗಳಿಂದ ಫ್ಲೈಟ್ ಶುರುವಾಗಿದ್ದೇ ಆಶ್ಚರ್ಯ ಅನ್ನಿಸುತ್ತದೆ.

ಸ್ಟಾರ್ ಏರ್ ಅನ್ನೇ ತಗೊಳ್ಳಿ. ಕೊಲ್ಹಾಪುರ ಕಡೆಯ ಸಂಜಯ್ ಘೋಡಾವತ್ ಗ್ರೂಪಿನ ಕಂಪನಿ. 2019ರ ಜನವರಿ 25ರಂದು ಬೆಂಗಳೂರು–ಹುಬ್ಬಳ್ಳಿ ಹಾರಾಟದಿಂದ ಶುರು ಮಾಡಿದರು. ಅದೇ ನವೆಂಬರ್‌ನಲ್ಲಿ ಹುಬ್ಬಳ್ಳಿಯಿಂದ ದಿಲ್ಲಿ ಪಕ್ಕದ ಹಿಂಡನ್‌ಗೆ ಹೋದರು, ಕಲಬುರಗಿ ನಿಲ್ದಾಣ ತೆರೆದ ದಿನ ಅಲ್ಲಿಗೂ ಬಂದರು. ಆಮೇಲೆ ಬೆಳಗಾವಿಯಿಂದ ಇಂದೋರ್, ಸೂರತ್, ರಾಜಸ್ಥಾನದ ಕಿಶನ್‌ಗಢ. ಮಾರ್ಬಲ್ ವ್ಯಾಪಾರದ ಊರಿಗೂ ಬೆಳಗಾವಿ ವಿಮಾನ ನಿಲ್ದಾಣ ಇರುವ ನಮ್ಮ ಸಾಂಬ್ರಾಕ್ಕೂ ಏನು ನಂಟು ಅಂತ ನಗಬೇಡಿ. ಬೆಳಗಾವಿಯಲ್ಲಿ ಮಾರವಾಡಿ, ಗುಜರಾತಿ ವ್ಯಾಪಾರಿಗಳು ಎಷ್ಟಿದ್ದಾರೆ ನೋಡಿ, ಗೊತ್ತಾಗುತ್ತೆ.

ಶುರುವಿನ ವಿಮಾನ ಬ್ರೆಜಿಲ್‌ನ ಎಂಬ್ರಾಯರ್ ಕಂಪನಿಯ ಇಆರ್‌ಜೆ-145, 50 ಸೀಟಿನ ಜೆಟ್. ಎಡಕ್ಕೆ ಒಂದೇ ಸೀಟು, ಬಲಕ್ಕೆ ಎರಡು. ಮಧ್ಯದ ಸೀಟು ಅನ್ನೋ ಶಿಕ್ಷೆಯೇ ಇಲ್ಲ! ಎತ್ತರದವರು ಮಾತ್ರ ನಡುವಿನ ದಾರಿಯಲ್ಲಿ ತಲೆ ತಗ್ಗಿಸಿಯೇ ನಡೀಬೇಕು. ಮೇಲಿನ ಗೂಡು ಎಷ್ಟು ಚಿಕ್ಕದೆಂದರೆ, ಬೇರೆ ವಿಮಾನದಲ್ಲಿ ಸಲೀಸಾಗಿ ಹೋಗುವ ಚಕ್ರದ ಬ್ಯಾಗು ಇಲ್ಲಿ ತೂರುವುದೇ ಇಲ್ಲ. ಬಾಗಿಲಿನ ಒಳಮೈಯಲ್ಲೇ ಮೆಟ್ಟಿಲು, ಬಾಗಿಲು ಕೆಳಗಿಳಿದರೆ ಅದೇ ಏಣಿ. ಸಣ್ಣ ನಿಲ್ದಾಣಕ್ಕೆ ಹೇಳಿ ಮಾಡಿಸಿದ ಹಾಗಿದೆ.

ಈಗ ದುಡ್ಡಿನ ವಿಷಯ. ವಿಮಾನ ಚಿಕ್ಕದು ಅಂತ ಖರ್ಚು ಅದೇ ಪ್ರಮಾಣದಲ್ಲಿ ಚಿಕ್ಕದಾಗುವುದಿಲ್ಲ. 180 ಸೀಟಿನ ವಿಮಾನಕ್ಕೂ ಇಬ್ಬರು ಪೈಲಟ್, ಇದಕ್ಕೂ ಇಬ್ಬರೇ. ಆ ಸಂಬಳವನ್ನು ಅಲ್ಲಿ 180 ಟಿಕೆಟ್‌ಗೆ ಹಂಚಿದರೆ ಇಲ್ಲಿ 50ಕ್ಕೆ. ತುಂಬಿದ ವಿಮಾನದಲ್ಲೂ ಟಿಕೆಟ್ ಜಾಸ್ತಿ ಆಗೋದು ಇದಕ್ಕೇ. ಈ ಗುಂಡಿ ಮುಚ್ಚೋಕೆ ಬಂದಿದ್ದು ಉಡಾನ್, ಸಣ್ಣ ಊರುಗಳ ವಿಮಾನಕ್ಕೆ ಸಹಾಯಧನ ಕೊಡುವ ಕೇಂದ್ರ ಸರ್ಕಾರದ ಯೋಜನೆ. ಅರ್ಧದಷ್ಟು ಸೀಟನ್ನು ನಿಗದಿ ದರಕ್ಕೆ ಕೊಡಬೇಕು, ಯೋಜನೆ ಶುರುವಾದಾಗ ಸುಮಾರು ಒಂದು ಗಂಟೆಯ ಹಾರಾಟಕ್ಕೆ 2,500 ರೂಪಾಯಿ ಇತ್ತು. ಕಡಿಮೆ ಬೀಳುವ ಹಣದಲ್ಲಿ ಕೇಂದ್ರದ್ದು 80 ಪಾಲು, ರಾಜ್ಯದ್ದು 20. ಆ ಮಾರ್ಗದಲ್ಲಿ ಬೇರೆಯವರ ಪೈಪೋಟಿಯೂ ಇರುವುದಿಲ್ಲ. ಎಲ್ಲ ಮೂರು ವರ್ಷಕ್ಕೆ ಮಾತ್ರ.

ನನ್ನ ತಕರಾರು ಇರೋದು ಇಲ್ಲೇ. ಮೂರು ವರ್ಷದಲ್ಲಿ ಒಂದು ಮಾರ್ಗ ತನ್ನ ಕಾಲ ಮೇಲೆ ನಿಲ್ಲುತ್ತೆ ಅಂತ ಅಂದುಕೊಂಡವರು ಯಾರು? ಜನಕ್ಕೆ ಇಂಥ ಫ್ಲೈಟ್ ಇದೆ ಅಂತ ಗೊತ್ತಾಗೋಕೇ ಒಂದು ವರ್ಷ ಬೇಕು. ನಡುವೆ ಕೋವಿಡ್ ಬೇರೆ. ಸಹಾಯಧನ ಇದ್ದ ಕಡೆ ವಿಮಾನ ವಾಲುತ್ತದೆ, ಅದು ಸಹಜ. 2018ರಲ್ಲಿ ಹುಬ್ಬಳ್ಳಿಗೆ ಉಡಾನ್ ಸಿಕ್ಕಿದ್ದೇ ತಡ, ಬೆಳಗಾವಿಯಲ್ಲಿದ್ದ ಫ್ಲೈಟುಗಳು ಅತ್ತ ಹೋದವು. ಇಲ್ಲಿ ಹೊಸ ಟರ್ಮಿನಲ್ ತೆರೆದು ಆಗಿನ್ನೂ ಒಂದು ವರ್ಷವೂ ಆಗಿರಲಿಲ್ಲ! ಆಮೇಲೆ ಗಲಾಟೆ, ಮನವಿ, ಎಲ್ಲ ಆಗಿ ಉಡಾನ್‌ನ ಮೂರನೇ ಸುತ್ತಿನಲ್ಲಿ ಬೆಳಗಾವಿ ಸೇರಿತು. ಬೀದರ್ ಕಥೆ ಇನ್ನೂ ಬೇಜಾರು. 2020ರ ಫೆಬ್ರವರಿಯಲ್ಲಿ ಟ್ರೂಜೆಟ್ ಬಂತು, 2022ರಲ್ಲಿ ಆ ಕಂಪನಿಯೇ ಹಾರಾಟ ನಿಲ್ಲಿಸಿತು.

ಇನ್ನು ದಿನದ ಓಡಾಟ. ಹಳ್ಳಿ ರೂಟಿನ ಬಸ್ಸಿನ ಹಾಗೆ ಒಂದೇ ವಿಮಾನ ಬೆಳಗಿನಿಂದ ಸಂಜೆವರೆಗೆ ನಾಲ್ಕೈದು ಊರು ಸುತ್ತುತ್ತಿರುತ್ತದೆ. ದೊಡ್ಡ ಕಂಪನಿಯಾದರೆ ಒಂದು ಕೆಟ್ಟರೆ ಇನ್ನೊಂದನ್ನು ತಂದು ನಿಲ್ಲಿಸುತ್ತದೆ. ಸಣ್ಣ ಕಂಪನಿಯಲ್ಲಿ ಆ ಇನ್ನೊಂದು ಬೇರೆ ಕಡೆ ಹಾರುತ್ತಿರುತ್ತದೆ. ಮಳೆಗಾಲದಲ್ಲಿ ಬೆಳಿಗ್ಗೆ ಮೋಡ ಕವಿದು ಒಂದು ಕಡೆ ಇಳಿಯೋಕೆ ತಡವಾದರೆ, ಬಿಸಿಲಿರೋ ಊರಿನವರು ಮಧ್ಯಾಹ್ನ ಕಾಯುತ್ತಾ ಕೂರಬೇಕು. ಜೊತೆಗೆ ಪೈಲಟ್‌ಗಳ ಡ್ಯೂಟಿ ಸಮಯಕ್ಕೆ ಮಿತಿ ಇದೆ, ಕೆಲವು ಸಣ್ಣ ನಿಲ್ದಾಣಗಳಿಗೆ ಕತ್ತಲಾದ ಮೇಲೆ ಇಳಿಯುವಂತಿಲ್ಲ. ಬೆಳಗಿನ ಒಂದು ಗಂಟೆ ತಡ ಸಂಜೆ ಹೊತ್ತಿಗೆ ಪೂರ್ತಿ ಫ್ಲೈಟನ್ನೇ ರದ್ದು ಮಾಡಿಸೋದು ಹೀಗೆ. ಕೌಂಟರ್‌ನಲ್ಲಿ ಕೂತ ಹುಡುಗಿಯ ಮೇಲೆ ರೇಗಿ ಏನೂ ಪ್ರಯೋಜನ ಇಲ್ಲ ಮಾರಾಯ್ರೇ. ಬೋರ್ಡಿಂಗ್ ಪಾಸ್ ಕೊಟ್ಟವಳೇ ಓಡಿ ಬಂದು ಗೇಟಿನಲ್ಲೂ ನಿಲ್ಲಬೇಕು ಎಷ್ಟೋ ಕಡೆ.

2023ರಿಂದ ಸ್ಟಾರ್ ಏರ್ 76 ಸೀಟಿನ ಎಂಬ್ರಾಯರ್ ಇ175 ಕೂಡ ತಂದಿದೆ, ಅದರಲ್ಲಿ 12 ಬಿಸಿನೆಸ್ ಕ್ಲಾಸ್. ಖರ್ಚು ಹಂಚೋಕೆ ಸೀಟು ಜಾಸ್ತಿ ಆಯ್ತು, ಸರಿ. ಆದರೆ ಅಷ್ಟು ಸೀಟನ್ನು ನಮ್ಮ ಊರುಗಳು ದಿನಾ ತುಂಬಿಸಬೇಕಲ್ವಾ?

ಬುಕ್ ಮಾಡುವವರಿಗೆ ನನ್ನ ಸಲಹೆ: ಆ ವಿಮಾನದ ದಿನದ ಮೊದಲ ಸರ್ತಿ ಸಿಕ್ಕರೆ ಅದನ್ನೇ ಹಿಡಿಯಿರಿ. ಸಂಜೆ ಬೆಂಗಳೂರಿನಿಂದ ಮುಂದಿನ ಫ್ಲೈಟ್ ಇದ್ದರೆ ನಡುವೆ ಎರಡು ಗಂಟೆ ಸಾಕು ಅಂದುಕೊಳ್ಳಬೇಡಿ. 145 ಬಂದರೆ ಎಡಗಡೆಯ ಒಂಟಿ ಸೀಟು ತಗೊಳ್ಳಿ, ಕಿಟಕಿಯೂ ನಿಮ್ಮದೇ, ದಾರಿಯೂ ನಿಮ್ಮದೇ.