ಮಳೆಯ ರೀಲ್ ಒಂದು ವಾಲ್‌ಪೇಪರ್ ಆದ ಬಗೆ

ಒಳ್ಳೆಯ ರೀಲ್ ಒಳ್ಳೆಯ ವಾಲ್‌ಪೇಪರ್ ಆಗುವುದು ಅಪರೂಪ. ರೀಲ್ ಮಾಡುವವರ ಗುರಿಯೇ ಬೇರೆ. ಮೊದಲ ಸೆಕೆಂಡಿನಲ್ಲೇ ಕಣ್ಣು ಹಿಡಿಯಬೇಕು, ಒಂದೆರಡು ಸೆಕೆಂಡಿಗೊಮ್ಮೆ ದೃಶ್ಯ ಬದಲಾಗಬೇಕು, ಮೇಲೆ ದಪ್ಪ ಅಕ್ಷರ ಇರಬೇಕು, ಬೆರಳು ಮುಂದಕ್ಕೆ ಜಾರಬಾರದು. ಲಾಕ್ ಸ್ಕ್ರೀನ್ ಕಡೆ ನಾವು ಕಣ್ಣು ಹಾಯಿಸುವುದು ಗಂಟೆ ಎಷ್ಟಾಯಿತು, ಯಾರ ಮೆಸೇಜ್ ಬಂತು ಎಂದು ತಿಳಿಯಲು. ನೋಡುವುದು ಒಂದೋ ಎರಡೋ ಸೆಕೆಂಡು, ಆದರೆ ದಿನಕ್ಕೆ ಹತ್ತಾರು ಸಲ. ಹತ್ತನೇ ಸಲಕ್ಕೆ ರೇಜಿಗೆ ಹುಟ್ಟಿಸದ ನಾಲ್ಕಾರು ಸೆಕೆಂಡುಗಳನ್ನು ರೀಲ್ ಒಳಗಿಂದ ಹುಡುಕಿ ತೆಗೆಯುವುದೇ ಇಲ್ಲಿ ನಿಜವಾದ ಕೆಲಸ. ಯಾವ ಆಪ್ ಹಾಕಬೇಕು ಎನ್ನುವುದು ಆಮೇಲಿನ ಮಾತು.

ಈ ಮಧ್ಯಾಹ್ನ ಎತ್ತಿಕೊಂಡದ್ದು ಕಿಟಕಿ ಗಾಜಿನ ಮೇಲೆ ಮಳೆಹನಿ ಇಳಿಯುವ 24 ಸೆಕೆಂಡಿನ ರೀಲ್. ಕ್ಯಾಮೆರಾ ಎಲ್ಲೂ ಅಲುಗಾಡಿಲ್ಲ. ನಡುವೆ ಕಟ್ ಇಲ್ಲದ 9 ಸೆಕೆಂಡಿನ ತುಣುಕೊಂದು ಸಿಗುತ್ತದೆ. ಹಿನ್ನೆಲೆ ಕಡು ನೀಲಿ, ಅಂಚಿನಲ್ಲಿ ಬಹುತೇಕ ಕಪ್ಪು. ಬಿಳಿ ಗಡಿಯಾರ ಅದರ ಮೇಲೆ ಸಲೀಸಾಗಿ ಓದಲು ಬರುತ್ತದೆ. ಪ್ರತಿ ಪಿಕ್ಸೆಲ್ ತಾನೇ ಬೆಳಗುವ ಓಲೆಡ್ ಪರದೆಯಲ್ಲಿ ಪೂರ್ತಿ ಕಪ್ಪು ಇರುವ ಕಡೆ ಪಿಕ್ಸೆಲ್‌ಗಳು ಆರಿಯೇ ಇರುತ್ತವೆ, ಬ್ಯಾಟರಿಗೂ ಅಷ್ಟು ಉಳಿತಾಯ. ಸಮುದ್ರದ ಅಲೆ, ಮೋಡ, ಬೆಂಕಿ, ಅಕ್ವೇರಿಯಂ, ಗಾಳಿಗಾಡುವ ಎಲೆ ಇವೂ ಇದೇ ಜಾತಿಗೆ ಸೇರಿದವು. ಕುಣಿತ, ತಮಾಷೆ, ಮಾತಾಡುವ ಮುಖ ಇಂಥವನ್ನು ಹಾಕಿಕೊಂಡವರು ಸಾಮಾನ್ಯವಾಗಿ ವಾರದೊಳಗೆ ತೆಗೆಯುತ್ತಾರೆ.

ಮೊದಲು ಫೈಲ್ ಕೈಗೆ ಬರಬೇಕು. ಇನ್‌ಸ್ಟಾಗ್ರಾಂನಲ್ಲಿ ಪಬ್ಲಿಕ್ ಖಾತೆಯವರು ಅನುಮತಿ ಕೊಟ್ಟಿದ್ದರೆ ಶೇರ್ ಗುಂಡಿ ಒತ್ತಿದಾಗ ಡೌನ್‌ಲೋಡ್ ಕಾಣುತ್ತದೆ, ಕೊಡದಿದ್ದರೆ ಕಾಣುವುದಿಲ್ಲ. ಟಿಕ್‌ಟಾಕ್‌ನಲ್ಲೂ ಅನುಮತಿಯದೇ ಪ್ರಶ್ನೆ. ಅಲ್ಲಿ ಇಳಿಸಿಕೊಂಡ ವಿಡಿಯೊ ಮೇಲೆ ಲೋಗೊ ಮತ್ತು ಖಾತೆಯ ಹೆಸರು ಜಾಗ ಬದಲಿಸುತ್ತಾ ಕೂತಿರುತ್ತವೆ. ಯೂಟ್ಯೂಬ್ ಶಾರ್ಟ್ಸ್ ಅನ್ನು ಪ್ರೀಮಿಯಂನಲ್ಲಿ ಡೌನ್‌ಲೋಡ್ ಮಾಡಿದರೂ ಅದು ಆಪ್ ಒಳಗೇ ಉಳಿಯುತ್ತದೆ, ಗ್ಯಾಲರಿಗೆ ಬರುವುದಿಲ್ಲ. ನಿಮ್ಮದೇ ವಿಡಿಯೊ ಆದರೆ ಅಪ್‌ಲೋಡ್ ಆದದ್ದನ್ನು ಮತ್ತೆ ಇಳಿಸಿಕೊಳ್ಳುವ ಗೋಜು ಬೇಡ, ಕ್ಯಾಮೆರಾದ ಮೂಲ ಫೈಲನ್ನೇ ಬಳಸಿ. ಬೇರೆಯವರದಾದರೆ ಒಂದು ಮೆಸೇಜ್ ಕಳಿಸಿ ಮೂಲ ಕೇಳುವುದು ಎಲ್ಲಕ್ಕಿಂತ ಒಳ್ಳೆಯ ದಾರಿ. ವಾಟರ್‌ಮಾರ್ಕ್ ಇರುವುದಿಲ್ಲ, ಗುಣಮಟ್ಟವೂ ಹೆಚ್ಚು, ಒಪ್ಪಿಗೆಯೂ ಸಿಕ್ಕಂತೆ.

ಸ್ಕ್ರೀನ್ ರೆಕಾರ್ಡಿಂಗ್ ಮಾಡಿದರೆ ಆಗದೇ ಎಂದು ಎಲ್ಲರೂ ಕೇಳುತ್ತಾರೆ. ಆಗುತ್ತದೆ, ಆದರೆ ಲೈಕ್ ಗುಂಡಿ, ಹೆಸರು, ಕೆಳಗಿನ ಗೆರೆ ಎಲ್ಲವೂ ಜೊತೆಗೆ ಬರುತ್ತವೆ. ಅದಕ್ಕಿಂತ ದೊಡ್ಡ ತೊಂದರೆ ಫ್ರೇಮ್ ರೇಟ್, ಅಂದರೆ ಸೆಕೆಂಡಿಗೆ ಎಷ್ಟು ಬಿಡಿಚಿತ್ರ (ಫ್ರೇಮ್) ಎಂಬ ಲೆಕ್ಕ. ಸ್ಕ್ರೀನ್ ರೆಕಾರ್ಡರ್‌ಗಳು ಪರದೆ ಬದಲಾದಾಗ ಮಾತ್ರ ಫ್ರೇಮ್ ಬರೆಯುವುದು ಸಾಮಾನ್ಯ. ಹಾಗಾಗಿ ಫ್ರೇಮ್‌ಗಳ ನಡುವಿನ ಅಂತರ ಒಂದೇ ಸಮ ಇರುವುದಿಲ್ಲ. ಅಂಥ ಫೈಲಿನಲ್ಲಿ ಹನಿ ಜಾರುವ ಬದಲು ತಡವರಿಸುತ್ತದೆ. ಬೇರೆ ದಾರಿಯೇ ಇಲ್ಲದಿದ್ದರೆ ರೆಕಾರ್ಡ್ ಮಾಡಿ, ಎಡಿಟರ್‌ನಲ್ಲಿ ಸೆಕೆಂಡಿಗೆ 30 ಫ್ರೇಮ್‌ಗೆ ಕಟ್ಟುನಿಟ್ಟಾಗಿ ಹೊಂದಿಸಿಯೇ ಮುಂದೆ ಹೋಗಬೇಕು.

ಇನ್ನು ಅಳತೆ. ಬಹಳ ಜನ ಎಡವುವುದು ಇಲ್ಲೇ. ರೀಲ್ ಅಂದರೆ 9:16, ಸಾಮಾನ್ಯವಾಗಿ 1080 ಅಗಲ, 1920 ಎತ್ತರ. ಈಗಿನ ಫೋನುಗಳು ಅದಕ್ಕಿಂತ ಉದ್ದ. 20:9 ಪರದೆ ಎಂದರೆ 1080ಕ್ಕೆ 2400. ಪರದೆ ತುಂಬಬೇಕಾದರೆ 1920 ಎತ್ತರವನ್ನು 2400ಕ್ಕೆ ಎಳೆಯಬೇಕು, ಅಂದರೆ 1.25 ಪಟ್ಟು. ಅಗಲವೂ ಅದೇ ಲೆಕ್ಕದಲ್ಲಿ ಬೆಳೆದು 1350 ಆಗುತ್ತದೆ. ಪರದೆಗೆ ಬೇಕಾದದ್ದು 1080 ಮಾತ್ರ. ಉಳಿದ 270 ಪಿಕ್ಸೆಲ್, ಎಡಕ್ಕೆ 135 ಬಲಕ್ಕೆ 135, ಹೊರಗೆ ಹೋಗುತ್ತದೆ. ಚಿತ್ರದ ಅಗಲದಲ್ಲಿ ಐದನೇ ಒಂದು ಪಾಲು ನಷ್ಟ. 19.5:9 ಪರದೆಯ ಫೋನಿನಲ್ಲಿ ನಷ್ಟ ಸುಮಾರು 18 ಶೇಕಡ. ಇಬ್ಬರು ಅಕ್ಕಪಕ್ಕ ನಿಂತ ವಿಡಿಯೊದಲ್ಲಿ ಇಬ್ಬರಿಗೂ ಅರ್ಧ ಭುಜ ಹೋಗುವುದು ಇದರಿಂದಲೇ. ನಮ್ಮ ರೀಲ್‌ನಲ್ಲಿ ಬಲ ಅಂಚಿನಲ್ಲಿದ್ದ ಕಿಟಕಿಯ ಚೌಕಟ್ಟು ಪೂರ್ತಿ ಹೊರಗೆ ಹೋಯಿತು. ನಷ್ಟವೇನಲ್ಲ, ಗಾಜು ಮಾತ್ರ ಉಳಿದದ್ದು ಇನ್ನೂ ಚೆನ್ನಾಗಿ ಕಂಡಿತು. ಆದರೆ ಈ ಕ್ರಾಪ್ ಅನ್ನು ಎಡಿಟರ್‌ನಲ್ಲಿ ನೀವೇ ಮಾಡಬೇಕು. ವಾಲ್‌ಪೇಪರ್ ಆಪ್‌ಗೆ ಬಿಟ್ಟರೆ ಅದು ಕಣ್ಣುಮುಚ್ಚಿ ನಡುಭಾಗ ಇಟ್ಟುಕೊಳ್ಳುತ್ತದೆ, ಕೆಲವಂತೂ ಚಿತ್ರವನ್ನೇ ಉದ್ದಕ್ಕೆ ಜಗ್ಗಿ ಹನಿಗಳನ್ನು ಹಾಗಲಕಾಯಿ ಮಾಡುತ್ತವೆ.

1.25 ಪಟ್ಟು ಹಿಗ್ಗಿಸಿದಾಗ ಚಿತ್ರ ಸ್ವಲ್ಪ ಮೆತ್ತಗಾಗುವುದು ಖಚಿತ. ಮಳೆ, ಮಂಜು, ನೀರಿಗೆ ಇದು ಗೊತ್ತೂ ಆಗುವುದಿಲ್ಲ. ಮುಖ, ಅಕ್ಷರ, ಕಟ್ಟಡದ ಗೆರೆಗಳಲ್ಲಿ ತಕ್ಷಣ ಎದ್ದು ಕಾಣುತ್ತದೆ. ಕ್ರಾಪ್ ಮಾಡುವಾಗಲೇ ಗಡಿಯಾರದ ಜಾಗವನ್ನೂ ನೆನಪಿಡಿ. ಮೇಲಿನ ಮೂರನೇ ಒಂದು ಭಾಗ ಗಂಟೆ ಮತ್ತು ತಾರೀಕಿಗೆ, ಕೆಳಗಡೆ ನೋಟಿಫಿಕೇಶನ್, ಬೆರಳಚ್ಚು, ಟಾರ್ಚ್ ಗುಂಡಿಗಳಿಗೆ. ನೋಡಬೇಕಾದದ್ದೆಲ್ಲ ನಡುವಿನ ಪಟ್ಟಿಯಲ್ಲಿರಬೇಕು.

ಈಗ ಲೂಪ್. ಆಂಡ್ರಾಯ್ಡ್ ವಾಲ್‌ಪೇಪರ್ ಆಪ್‌ಗಳಲ್ಲಿ ವಿಡಿಯೊ ಮುಗಿದ ಕೂಡಲೇ ಮೊದಲಿನಿಂದ ಶುರುವಾಗುತ್ತದೆ. ಕೊನೆಯ ಫ್ರೇಮ್‌ಗೂ ಮೊದಲ ಫ್ರೇಮ್‌ಗೂ ಹೊಂದಿಕೆ ಇಲ್ಲದಿದ್ದರೆ ಅಲ್ಲೊಂದು ಜಿಗಿತ. ಸುಲಭದ ಉಪಾಯ ಎಲ್ಲರಿಗೂ ಗೊತ್ತಿರುವುದೇ: ತುಣುಕಿನ ಪ್ರತಿ ಮಾಡಿ, ಅದನ್ನು ರಿವರ್ಸ್ ಮಾಡಿ ಹಿಂದೆ ಅಂಟಿಸುವುದು. ಮೋಡಕ್ಕೆ, ತೂಗುವ ಎಲೆಗೆ, ಕಿಟಕಿಯ ಪರದೆ ಬಟ್ಟೆಗೆ ಇದು ಸಾಕು. ಮಳೆಗೆ ನಡೆಯುವುದಿಲ್ಲ, ಇಳಿದ ಹನಿ ಮತ್ತೆ ಗಾಜು ಹತ್ತತೊಡಗುತ್ತದೆ. ಬೆಂಕಿ, ಹೊಗೆ, ಜಲಪಾತ, ನಡೆಯುವ ಮನುಷ್ಯ ಎಲ್ಲದಕ್ಕೂ ಇದೇ ಪಾಡು.

ದಿಕ್ಕು ಇರುವ ಚಲನೆಗೆ ಬೇರೆ ವಿಧಾನವಿದೆ. ಕಟ್ ಇಲ್ಲದ 9 ಸೆಕೆಂಡಿನಿಂದ 6.5 ಸೆಕೆಂಡು ತೆಗೆದುಕೊಂಡೆವು. ಅದನ್ನು ನಡುವಿನಲ್ಲಿ, 3.25ರಲ್ಲಿ, ಎರಡು ತುಂಡು ಮಾಡಿ, ಎರಡನೇ ತುಂಡನ್ನು ಮುಂದಕ್ಕೂ ಮೊದಲನೆಯದನ್ನು ಹಿಂದಕ್ಕೂ ಇಟ್ಟೆವು. ಈಗ ವಿಡಿಯೊ ಮುಗಿಯುವುದು ಮೊದಲ ತುಂಡಿನ ಕೊನೆಯ ಫ್ರೇಮ್‌ನಲ್ಲಿ, ಮತ್ತೆ ಶುರುವಾಗುವುದು ಎರಡನೇ ತುಂಡಿನ ಮೊದಲ ಫ್ರೇಮ್‌ನಲ್ಲಿ. ಮೂಲದಲ್ಲಿ ಅವೆರಡೂ ಅಕ್ಕಪಕ್ಕದ ಫ್ರೇಮ್‌ಗಳು, ಹಾಗಾಗಿ ಲೂಪ್‌ನ ಬೆಸುಗೆ ಕಾಣುವುದೇ ಇಲ್ಲ. ಜಿಗಿತ ಈಗ ವಿಡಿಯೊದ ನಡುವಿಗೆ ಬಂದು ಕೂತಿದೆ. ಅಲ್ಲಿ ಅರ್ಧ ಸೆಕೆಂಡಿನ ಡಿಸಾಲ್ವ್ ಹಾಕಿದರೆ, ಅಂದರೆ 30 ಫ್ರೇಮ್ ರೇಟ್‌ನಲ್ಲಿ 15 ಫ್ರೇಮ್, ಒಂದು ತುಂಡು ಇನ್ನೊಂದರೊಳಗೆ ಕರಗುತ್ತದೆ. ಎರಡೂ ತುಂಡುಗಳು ಅರ್ಧ ಸೆಕೆಂಡು ಒಂದರ ಮೇಲೊಂದು ಬರುವುದರಿಂದ ಕೊನೆಗೆ ಉಳಿದದ್ದು 6 ಸೆಕೆಂಡು, 180 ಫ್ರೇಮ್.

ಡಿಸಾಲ್ವ್ ಎಲ್ಲಿ ಬೀಳುತ್ತದೆ ಎನ್ನುವುದೂ ಮುಖ್ಯ. ಮೊದಲ ಸಲ ಅದು ಬಿದ್ದದ್ದು ದಪ್ಪ ಹನಿಯೊಂದು ಗಾಜಿನ ನಟ್ಟನಡುವೆ ಇಳಿಯುತ್ತಿದ್ದ ಹೊತ್ತಿಗೆ. ಹನಿ ಅರ್ಧ ದಾರಿಯಲ್ಲಿ ತೆಳುವಾಗಿ ಮಾಯವಾಗಿ, ಪಕ್ಕದಲ್ಲಿ ಇನ್ನೊಂದು ಗಾಳಿಯಿಂದಲೇ ಹುಟ್ಟಿದಂತೆ ಕಂಡಿತು. ಆಯ್ದ 6.5 ಸೆಕೆಂಡನ್ನು 20 ಫ್ರೇಮ್ ಮುಂದಕ್ಕೆ ಸರಿಸಿದಾಗ, ಬೆಸುಗೆಯ ಹೊತ್ತಿಗೆ ಗಾಜಿನ ಮೇಲೆ ಸಣ್ಣ ಚುಕ್ಕಿಗಳಷ್ಟೇ ಇದ್ದವು. ಆಮೇಲೆ ಬೆಸುಗೆ ಎಲ್ಲಿದೆ ಎಂದು ಹುಡುಕಿದರೂ ಸಿಗಲಿಲ್ಲ. ಬೆಳಕು ಬದಲಾಗುವ ವಿಡಿಯೊದಲ್ಲಿ, ಉದಾಹರಣೆಗೆ ಸೂರ್ಯ ಮೋಡದ ಮರೆಗೆ ಹೋಗುವಲ್ಲಿ, ಈ ವಿಧಾನವೂ ಕೈಕೊಡುತ್ತದೆ; ಡಿಸಾಲ್ವ್ ಇರುವಲ್ಲಿ ಇಡೀ ಪರದೆ ಒಮ್ಮೆ ಉಸಿರೆಳೆದಂತೆ ಮಿನುಗುತ್ತದೆ.

ಎಕ್ಸ್‌ಪೋರ್ಟ್‌ಗೆ ನಮ್ಮ ಸೆಟ್ಟಿಂಗ್: 1080ಕ್ಕೆ 2400, 30 ಫ್ರೇಮ್, ಎಚ್.264 (ವಿಡಿಯೊ ಹಿಂಡುವ ಒಂದು ವಿಧಾನ), ಸೆಕೆಂಡಿಗೆ 8 ಮೆಗಾಬಿಟ್. ಅಂದರೆ ಸೆಕೆಂಡಿಗೆ 1 ಎಂಬಿ, ಒಟ್ಟು 6 ಎಂಬಿ ಆಸುಪಾಸು. ಮೂಲವೇ ಒಮ್ಮೆ ಹಿಂಡಿ ಬಂದದ್ದಾದ್ದರಿಂದ ಇದಕ್ಕಿಂತ ಹೆಚ್ಚು ಕೊಟ್ಟು ಲಾಭವಿಲ್ಲ. 30ರ ವಿಡಿಯೊವನ್ನು 60ಕ್ಕೆ ಏರಿಸಿದರೆ ಅದೇ ಫ್ರೇಮ್ ಎರಡೆರಡು ಸಲ ಬರುತ್ತದೆ, ಬ್ಯಾಟರಿಗೆ ಹೊರೆ ಅಷ್ಟೇ. ಜಿಫ್ ಮಾಡುವ ಯೋಚನೆ ಬಿಡಿ. ಅದರಲ್ಲಿ ಒಂದು ಫ್ರೇಮ್‌ಗೆ 256 ಬಣ್ಣ ಮಾತ್ರ, ಕಡು ನೀಲಿಯ ಏರಿಳಿತವೆಲ್ಲ ಪಟ್ಟೆಪಟ್ಟೆಯಾಗುತ್ತದೆ, ಫೈಲೂ ದಪ್ಪ. ಧ್ವನಿಯ ಟ್ರ್ಯಾಕ್ ಪೂರ್ತಿ ತೆಗೆಯಿರಿ. ಕ್ಯಾಪ್‌ಕಟ್‌ನಂಥ ಎಡಿಟರ್ ಬಳಸಿದರೆ ಕೊನೆಗೆ ತಾನಾಗಿ ಅಂಟಿಕೊಳ್ಳುವ ಲೋಗೊ ತುಣುಕನ್ನು ಅಳಿಸಲು ಮರೆಯಬೇಡಿ. ಎಚ್‌ಡಿಆರ್‌ನಲ್ಲಿ (ಬೆಳಕು-ಕತ್ತಲೆಯ ಹೆಚ್ಚು ವ್ಯಾಪ್ತಿ ಹಿಡಿಯುವ ಬಗೆ) ತೆಗೆದ ಮೂಲವಾದರೆ ಮಾಮೂಲಿ ಎಸ್‌ಡಿಆರ್ ಆಗಿ ಎಕ್ಸ್‌ಪೋರ್ಟ್ ಮಾಡಿ. ಇಲ್ಲವಾದರೆ ಹಲವು ವಾಲ್‌ಪೇಪರ್ ಆಪ್‌ಗಳಲ್ಲಿ ಬಣ್ಣ ತೊಳೆದುಹೋದಂತೆ ಬೂದಿಯಾಗಿ ಕಾಣುತ್ತದೆ.

ಸ್ಯಾಮ್‌ಸಂಗ್ ಗ್ಯಾಲಕ್ಸಿ ಫೋನುಗಳಲ್ಲಿ ಮುಂದಿನದು ಸಲೀಸು. ಗ್ಯಾಲರಿಯಲ್ಲಿ ವಿಡಿಯೊ ತೆರೆದು, ಮೆನುವಿನಲ್ಲಿ ವಾಲ್‌ಪೇಪರ್ ಆಗಿ ಹೊಂದಿಸು ಎಂದರೆ ಲಾಕ್ ಸ್ಕ್ರೀನ್‌ಗೆ ಕೂರುತ್ತದೆ. ಮಿತಿ 15 ಸೆಕೆಂಡು, 100 ಎಂಬಿ. ಎಲ್ಲ ಮಾದರಿಗಳಲ್ಲೂ ಈ ಸೌಲಭ್ಯ ಇಲ್ಲ.

ಐಫೋನ್ ದಾರಿ ಬೇರೆ. ಅಲ್ಲಿ ವಿಡಿಯೊವನ್ನು ನೇರವಾಗಿ ಹಾಕಲು ಬರುವುದಿಲ್ಲ, ಅದು ಲೈವ್ ಫೋಟೊ ಆಗಬೇಕು. ಲೈವ್ ಫೋಟೊ ಎಂದರೆ ಒಂದು ಚಿತ್ರ ಮತ್ತು ಸುಮಾರು 3 ಸೆಕೆಂಡಿನ ವಿಡಿಯೊ, ಎರಡಕ್ಕೂ ಒಂದೇ ಗುರುತಿನ ಸಂಖ್ಯೆ. 2015ರಲ್ಲಿ ಐಫೋನ್ 6ಎಸ್ ಜೊತೆ ಬಂದದ್ದು. 2022ರ ಐಓಎಸ್ 16ರಲ್ಲಿ ಲೈವ್ ವಾಲ್‌ಪೇಪರ್ ಸೌಲಭ್ಯ ಹೋಯಿತು, 2023ರ ಐಓಎಸ್ 17ರಲ್ಲಿ ಹೊಸ ರೂಪದಲ್ಲಿ ಮರಳಿತು. ಈಗ ಪರದೆ ಎಚ್ಚರಗೊಂಡಾಗ ಚಲನೆ ಒಮ್ಮೆ ನಿಧಾನಗತಿಯಲ್ಲಿ ಓಡಿ, ಸ್ಥಿರಚಿತ್ರವಾಗಿ ನಿಲ್ಲುತ್ತದೆ. ಲೂಪ್ ಇಲ್ಲ, ಆದ್ದರಿಂದ ಮೇಲಿನ ಬೆಸುಗೆಯ ಸರ್ಕಸ್ಸೂ ಬೇಡ. ಬೇಕಾದದ್ದು ಎರಡು ಮೂರು ಸೆಕೆಂಡಿನ ತುಣುಕು ಮತ್ತು ಕೊನೆಗೆ ನಿಲ್ಲುವ ಒಂದು ಚೆಂದದ ಫ್ರೇಮ್. ಇಂಟುಲೈವ್‌ನಂಥ ಆಪ್‌ನಲ್ಲಿ ತುಣುಕು ತೆರೆದು, ಆ ಫ್ರೇಮ್ ಅನ್ನು ಕೀ ಫೋಟೊ ಎಂದು ಆರಿಸಿ ಸೇವ್ ಮಾಡಿ. ಆಮೇಲೆ ಸೆಟ್ಟಿಂಗ್ಸ್, ವಾಲ್‌ಪೇಪರ್, ಹೊಸ ವಾಲ್‌ಪೇಪರ್ ಸೇರಿಸು, ಲೈವ್ ಫೋಟೊ. ಎಡಕೆಳಗಿನ ಸಣ್ಣ ಗುಂಡಿಯಲ್ಲಿ ಚಲನೆ ಚಾಲೂ ಇದೆಯೇ ನೋಡಿ. ಅಲ್ಲಿ ಮೋಷನ್ ನಾಟ್ ಅವೈಲೆಬಲ್ ಎಂದು ಬಂದರೆ, ಪರಿವರ್ತಿಸಿದ ಲೈವ್ ಫೋಟೊಗಳಲ್ಲಿ ಇದು ಮಾಮೂಲು, ತುಣುಕನ್ನು ಇನ್ನೂ ಚಿಕ್ಕದು ಮಾಡಿ, ಕಡಿಮೆ ಅಲುಗಾಟವಿರುವ ಭಾಗ ಆರಿಸಿ ಮತ್ತೆ ಪರಿವರ್ತಿಸಿ. ನಿನ್ನೆ ಆಡುತ್ತಿದ್ದದ್ದು ಇವತ್ತು ನಿಂತಿದ್ದರೆ ಮೊದಲು ಲೋ ಪವರ್ ಮೋಡ್ ನೋಡಿ.

ಉಳಿದ ಆಂಡ್ರಾಯ್ಡ್ ಫೋನುಗಳಿಗೆ ಲೈವ್ ವಾಲ್‌ಪೇಪರ್ ಆಪ್ ಬೇಕು. ಈ ವ್ಯವಸ್ಥೆ ಆಂಡ್ರಾಯ್ಡ್ 2.1ರಿಂದಲೇ, 2010ರಿಂದಲೇ ಇದೆ. ಆಪ್ ಆರಿಸುವಾಗ ಅದು ಏನೇನು ಅನುಮತಿ ಕೇಳುತ್ತದೆ ನೋಡಿ. ಒಂದು ವಿಡಿಯೊ ತೋರಿಸಲು ನೀವು ಆರಿಸಿದ ಆ ಒಂದು ಫೈಲ್ ಸಾಕು. ಕಾಂಟ್ಯಾಕ್ಟ್ಸ್, ಲೊಕೇಶನ್, ಆಕ್ಸೆಸಿಬಿಲಿಟಿ ಕೇಳುವುದನ್ನು ಅಲ್ಲೇ ತೆಗೆದುಹಾಕಿ. ಪರದೆ ಮರೆಯಾದ ಕೂಡಲೇ ವಿಡಿಯೊ ನಿಲ್ಲಿಸುವುದು ಆಪ್‌ನ ಹೊಣೆ. ಆಂಡ್ರಾಯ್ಡ್ ಅದಕ್ಕೆ ಸೂಚನೆ ಕೊಡುತ್ತದೆ, ಒರಟಾಗಿ ಬರೆದ ಆಪ್ ಅದನ್ನು ಕೇಳಿಸಿಕೊಳ್ಳುವುದಿಲ್ಲ. ಒಂದು ದಿನ ಬಳಸಿ ಬ್ಯಾಟರಿ ಪುಟ ತೆರೆಯಿರಿ. ಸರಿಯಾಗಿ ನಿಲ್ಲುವ ಆಪ್ ಪಟ್ಟಿಯ ಕೆಳಗಡೆ ಎಲ್ಲೋ ಇರುತ್ತದೆ. ಮೇಲಿನ ಸಾಲುಗಳಲ್ಲಿ ಕೂತಿದ್ದರೆ ಬೇರೆಯದು ಹುಡುಕಿ. ಹೋಮ್ ಸ್ಕ್ರೀನ್‌ಗೆ ಚಲಿಸುವ ವಾಲ್‌ಪೇಪರ್ ಬೇಡ ಎನ್ನುವುದು ನಮ್ಮ ಮತ. ಐಕಾನ್‌ಗಳ ಹಿಂದೆ ಹನಿ ಓಡಾಡುತ್ತಿದ್ದರೆ ಹೆಸರು ಓದಲು ಕಣ್ಣು ಕಷ್ಟಪಡುತ್ತದೆ. ಆದರೆ ಹಳೆಯ ಆಂಡ್ರಾಯ್ಡ್‌ಗಳಲ್ಲಿ ಇಂಥ ಆಪ್ ಹಾಕಿದರೆ ಹೋಮ್ ಮಾತ್ರ, ಇಲ್ಲವೇ ಎರಡೂ ಎಂಬ ಆಯ್ಕೆಯಷ್ಟೇ ಸಿಗುತ್ತದೆ.

ಆಂಡ್ರಾಯ್ಡ್ 12ರಿಂದ ಫೋನಿನ ಬಣ್ಣಗಳು ವಾಲ್‌ಪೇಪರ್‌ನಿಂದಲೇ ಹುಟ್ಟುತ್ತವೆ. ವಿಡಿಯೊ ಆಪ್ ತನ್ನ ಬಣ್ಣ ಇದು ಎಂದು ಹೇಳದಿದ್ದರೆ ಮೆನು, ಗುಂಡಿಗಳೆಲ್ಲ ಫೋನಿನ ಮೂಲ ಬಣ್ಣಕ್ಕೆ ಮರಳುತ್ತವೆ. ಬಣ್ಣವನ್ನು ಕೈಯಾರೆ ಆರಿಸಿಕೊಂಡರಾಯಿತು. ಫೋನ್ ಆಫ್ ಮಾಡಿ ಮತ್ತೆ ಆನ್ ಮಾಡಿದ ಮೇಲೆ ಮೊದಲ ಸಲ ಪಿನ್ ಹಾಕುವವರೆಗೆ ವಾಲ್‌ಪೇಪರ್ ಬದಲು ಕಪ್ಪು ಪರದೆಯೋ ಕಂಪನಿಯ ಚಿತ್ರವೋ ಕಂಡರೆ ಗಾಬರಿ ಬೇಡ. ಆ ಹೊತ್ತಿಗೆ ಸಂಗ್ರಹ ಇನ್ನೂ ಬೀಗ ಹಾಕಿದ ಸ್ಥಿತಿಯಲ್ಲಿರುತ್ತದೆ, ಆಪ್‌ಗೆ ಫೈಲ್ ಸಿಗುವುದಿಲ್ಲ. ಪಿನ್ ಹಾಕಿದ ಮೇಲೂ ಬರದಿದ್ದರೆ ಕಾರಣ ಎರಡರಲ್ಲೊಂದು. ಬ್ಯಾಟರಿ ಉಳಿಸುವ ಭರದಲ್ಲಿ ಫೋನು ಆಪ್ ಅನ್ನು ಕೊಂದಿದೆ. ಆಪ್ ಮಾಹಿತಿಗೆ ಹೋಗಿ ಬ್ಯಾಟರಿ ನಿರ್ಬಂಧ ತೆಗೆಯಿರಿ. ಇಲ್ಲವೇ ವಿಡಿಯೊ ಇದ್ದ ಜಾಗದಲ್ಲಿ ಇಲ್ಲ. ಎಷ್ಟೋ ಆಪ್‌ಗಳು ವಿಡಿಯೊದ ಪ್ರತಿ ಇಟ್ಟುಕೊಳ್ಳುವುದಿಲ್ಲ, ವಿಳಾಸ ಮಾತ್ರ ಇಟ್ಟುಕೊಳ್ಳುತ್ತವೆ. ಡೌನ್‌ಲೋಡ್ಸ್ ಫೋಲ್ಡರ್ ಗುಡಿಸುವ ಅಭ್ಯಾಸವಿದ್ದರೆ, ಎಕ್ಸ್‌ಪೋರ್ಟ್ ಆದ ಫೈಲಿಗೆ ಬೇರೆಯೇ ಒಂದು ಫೋಲ್ಡರ್ ಮಾಡಿ ಅಲ್ಲಿಗೆ ಸರಿಸಿ, ಆಮೇಲೆ ಆಪ್‌ನಲ್ಲಿ ಆರಿಸಿ.