30 ಆಟಗಳಲ್ಲಿ ಆಯಿಯ ಆಟ ಇರಲಿಲ್ಲ

2018ರ ದೊಡ್ಡಹಬ್ಬಕ್ಕೆ, ಅಂದರೆ ದೀಪಾವಳಿಗೆ, ತಮ್ಮ ನ್ಯೂಜೆರ್ಸಿಯಿಂದ ಬಂದಿದ್ದ. ಸೂಟ್‌ಕೇಸ್ ಬಿಚ್ಚಿ ಅಪ್ಪಯ್ಯನಿಗೆ ಸ್ವೆಟರ್, ಆಯಿಗೆ (ಅಮ್ಮನನ್ನು ನಾವು ಕರೆಯುವುದು ಹಾಗೆ) ಬಾದಾಮಿ, ನನ್ನ ಮಗಳಿಗೆ ಚಾಕೊಲೇಟ್ ಕೊಟ್ಟಾಯಿತು. ಕೊನೆಗೆ ಅಂಗಿಗಳ ಮಧ್ಯದಿಂದ ಒಂದು ಸಣ್ಣ ಪೆಟ್ಟಿಗೆ ತೆಗೆದ. "ಅಕ್ಕಾ, ಇದು ನಿಂಗೆ. ಎರಡು ವರ್ಷದಿಂದ ಬಾಕಿ ಇದ್ದಿತ್ತು" ಅಂದ.

ಎನ್‌ಇಎಸ್ ಕ್ಲಾಸಿಕ್. ಜಪಾನಿನ ನಿಂಟೆಂಡೊ ಕಂಪನಿ 1985ರಲ್ಲಿ ಅಮೆರಿಕದಲ್ಲಿ ಮಾರಲು ಶುರುಮಾಡಿದ ಎನ್‌ಇಎಸ್ ಎಂಬ ವಿಡಿಯೋ ಗೇಮ್ ಡಬ್ಬವನ್ನು ಹಾಗ್ಹಾಗೇ ಚಿಕ್ಕದು ಮಾಡಿದ್ದಾರೆ. ಅಂಗೈ ಮೇಲೆ ಕೂರುತ್ತದೆ. ಅದೇ ಬೂದು ಬಣ್ಣ, ಅದೇ ಪವರ್, ರೀಸೆಟ್ ಗುಂಡಿ. ಕ್ಯಾಸೆಟ್ ಹಾಕುವ ಮುಚ್ಚಳ ಮಾತ್ರ ತೆರೆಯುವುದಿಲ್ಲ, ಅದು ಬರೀ ಗೆರೆ. 30 ಆಟ ಒಳಗೇ ಇದೆ.

ಇದು 2016ರ ನವೆಂಬರಿನಲ್ಲಿ ಮೊದಲ ಸಲ ಬಂದಾಗಲೇ ತಮ್ಮ ನನಗಾಗಿ ಅಂಗಡಿ ಅಂಗಡಿ ಅಲೆದಿದ್ದ. ಬೆಳಗ್ಗೆ ಚಳಿಯಲ್ಲಿ ಸಾಲು ನಿಂತರೂ ಸಿಗಲಿಲ್ಲವಂತೆ. ಎಲ್ಲೆಡೆ ಹಾಗೇ ಆಗಿತ್ತು, ಬಂದ ದಿನವೇ ಖಾಲಿ. 60 ಡಾಲರಿನ ಸಾಮಾನನ್ನು ಜನ ಎರಡು ಮೂರು ಪಟ್ಟಿಗೆ ಮಾರಿದರು. 2017ರ ಏಪ್ರಿಲಿನಲ್ಲಿ ತಯಾರಿಸುವುದನ್ನೇ ನಿಲ್ಲಿಸಿದರು. ಆಗ ಫೋನಿನಲ್ಲಿ ಅವನ ಧ್ವನಿ ಸಣ್ಣಗಾಗಿತ್ತು. 2018ರ ಜೂನ್ 29ಕ್ಕೆ ಮತ್ತೆ ಅಂಗಡಿಗೆ ಬಂತು. ಅವನು ಮರೆತಿರಲಿಲ್ಲ. ಅದಕ್ಕೇ ನನಗೆ ಪೆಟ್ಟಿಗೆ ತೆರೆಯುವ ಮೊದಲೇ ಕಣ್ಣು ತುಂಬಿತ್ತು.

ನಮ್ಮ ಮನೆಗೆ ವಿಡಿಯೋ ಗೇಮ್ ಬಂದದ್ದು 1998ರ ಶಿರಸಿ ಮಾರಿಜಾತ್ರೆಯಲ್ಲಿ. ನಾನು ಏಳನೇ ಕ್ಲಾಸು, ತಮ್ಮ ಐದನೇ ಕ್ಲಾಸು. ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುವುದರಿಂದ ನಮ್ಮ ಆಸೆಗಳಿಗೂ ಎರಡು ವರ್ಷದ ಲೆಕ್ಕ ಇತ್ತು. ಆ ಚಳಿಗಾಲದಲ್ಲಿ ನಾವಿಬ್ಬರೂ ದಿನಾ ರಾತ್ರಿ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿದಿದ್ದೆವು. ಎಷ್ಟು ಡಬ್ಬ ಅಡಿಕೆ ಸುಲಿದೆವು ಅನ್ನುವ ಲೆಕ್ಕವನ್ನು ಅಪ್ಪಯ್ಯ ಪಂಚಾಂಗದ ಹಿಂದಿನ ಪುಟದಲ್ಲಿ ಬರೆದಿಡುತ್ತಿದ್ದ. ಬೆರಳೆಲ್ಲ ಕಪ್ಪು. ಜಾತ್ರೆ ಪೇಟೆಯಲ್ಲಿ ಆ ಸುಲಿದ ಕೂಲಿಯ ದುಡ್ಡಿಗೆ ಅಪ್ಪಯ್ಯ ಅಷ್ಟೇ ದುಡ್ಡು ಸೇರಿಸಿ, ಡಬ್ಬ, ಎರಡು ರಿಮೋಟ್, ಒಂದು ಪಿಸ್ತೂಲು, ಒಂದು ಹಳದಿ ಕ್ಯಾಸೆಟ್ ಕೊಡಿಸಿದ. ಕ್ಯಾಸೆಟ್ ಮೇಲೆ "9999 ಆಟ" ಅಂತ ಇತ್ತು. ನಿಜವಾಗಿ ಹದಿನೈದೋ ಇಪ್ಪತ್ತೋ ಆಟ, ಅವೇ ಬೇರೆ ಬೇರೆ ಹಂತದಿಂದ ಶುರುವಾಗುತ್ತಿದ್ದವು. ನಮಗೆ ಅಷ್ಟೇ ಬೇಕಾದಷ್ಟಾಗಿತ್ತು.

ಕಪ್ಪು ಬಿಳುಪಿನ 14 ಇಂಚಿನ ಟಿವಿ. ಆಟ ಆಡಬೇಕಾದರೆ ಹಿಂದಿನ ಆಂಟೆನಾ ವೈರ್ ಕಿತ್ತು ಗೇಮಿನ ವೈರ್ ಚುಚ್ಚಬೇಕು, ಆಮೇಲೆ ಚಾನೆಲ್ ತಿರುಗಿಸುತ್ತಾ ಮಳೆಹನಿಯಂಥ ಚುಕ್ಕಿಗಳ ಒಳಗಿಂದ ಆಟದ ನಾಯಕ ಮಾರಿಯೋನನ್ನು ಹುಡುಕಬೇಕು. ವಾರ್ತೆ ಹೊತ್ತಿಗೆ ಮತ್ತೆ ಆಂಟೆನಾ. ಸಂಜೆ ಏಳು ಗಂಟೆಗೆ ಊರವರೆಲ್ಲ ದೀಪ ಹಾಕಿದರೆ ವೋಲ್ಟೇಜ್ ಇಳಿದು ಚಿತ್ರವೇ ನಾಲ್ಕೂ ಕಡೆಯಿಂದ ಕುಗ್ಗುತ್ತಿತ್ತು. ಮಾರಿಯೋ ಓಡುವ ಜಗತ್ತು ಸಣ್ಣದಾಗುತ್ತಾ ಹೋಗುವುದನ್ನು ನಾವು ಆಟದ ಒಂದು ಭಾಗ ಅಂತಲೇ ತಿಳಿದಿದ್ದೆವು. ಮಳೆಗಾಲದಲ್ಲಿ ಕರೆಂಟ್ ಇರುತ್ತಲೇ ಇರಲಿಲ್ಲ. ಮಾರಿಯೋ ಆಟದಲ್ಲಿ ಎಂಟು ಲೋಕ, ಲೋಕಕ್ಕೆ ನಾಲ್ಕರಂತೆ 32 ಹಂತ. ಏಳನೇ ಲೋಕದವರೆಗೆ ಎಷ್ಟು ಸಲ ಹೋಗಿದ್ದೇವೆ! ಅಲ್ಲಿಗೆ ಕರೆಂಟ್ ಹೋಗಿ ಎಲ್ಲ ಮೊದಲಿಂದ.

ಕ್ಯಾಸೆಟ್ ಓಡದಿದ್ದರೆ ಊದುತ್ತಿದ್ದೆವು. ಎಲ್ಲರೂ ಊದುತ್ತಿದ್ದರು, ಅಲ್ವಾ? ಊದಿದ್ದರಿಂದ ಸರಿಯಾಗುತ್ತಿತ್ತು ಅಂದುಕೊಂಡಿದ್ದೆ. ಸರಿಯಾಗುತ್ತಿದ್ದದ್ದು ತೆಗೆದು ಮತ್ತೆ ಹಾಕಿದ್ದರಿಂದ. ಊದಿದ ಉಸಿರಿನ ಪಸೆ ಪಿನ್‌ಗಳಿಗೆ ತಾಗಿ ಕಿಲುಬು ಬೇಗ ಹಿಡಿಯುತ್ತದೆ, ನಮ್ಮ ಮಲೆನಾಡಿನ ಥಂಡಿಯಲ್ಲಂತೂ ಇನ್ನೂ ಬೇಗ.

ಈಗ ಹೊಸ ಡಬ್ಬದ ವಿಷಯ. ಹಬ್ಬದ ಗೋಪೂಜೆ ಮುಗಿದು, ದನಗಳನ್ನು ಬಿಟ್ಟು ಬಂದು, ಊಟ ಆದ ಮೇಲೆ ಟಿವಿಗೆ ಜೋಡಿಸಿದೆವು. ಒಂದು ಎಚ್‌ಡಿಎಂಐ ವೈರ್, ಫೋನಿನ ಚಾರ್ಜರ್, ಮುಗೀತು. "ಆಂಟೆನಾ ವೈರ್ ಕೀಳದು ಬ್ಯಾಡ್ದಾ?" ಅಂತ ಅಪ್ಪಯ್ಯ ಎರಡು ಸಲ ಕೇಳಿದ.

ಚಿತ್ರ ಬಂದಾಗ ನಾನು ಮಾತಾಡಲಿಲ್ಲ. ಮಾರಿಯೋನ ಆಕಾಶ ನೀಲಿ ಅಂತ ಗೊತ್ತಿತ್ತು. ಆದರೆ ನನ್ನ ಮನೆಯಲ್ಲಿ, ನಾನು ಆಡಿದ ಜಾಗದಲ್ಲಿ ಅದನ್ನು ನೀಲಿಯಾಗಿ ನೋಡಿದ್ದು ಅದೇ ಮೊದಲು. ನಾನು ಶಿರಸಿಯಲ್ಲಿ ಒಂದು ಪ್ರೆಸ್ಸಿನಲ್ಲಿ ಡಿಟಿಪಿ ಮಾಡುತ್ತೇನೆ. ದಿನವಿಡೀ ಅಕ್ಷರದ ಅಂಚು ನೋಡುವ ಕಣ್ಣು ನನ್ನದು. ಹಾಗಾಗಿ ಈಗ ಮಾತ್ರ ಕಂಡಿತು: ಆ ಆಟದ ಮೋಡ ಮತ್ತು ನೆಲದ ಪೊದೆ ಒಂದೇ ಚಿತ್ರ. ಬಣ್ಣ ಮಾತ್ರ ಬೇರೆ. ಜಾಗ ಉಳಿಸಲು ಹಾಗೆ ಮಾಡಿದ್ದು. ಇಡೀ ಆಟ, ಎಂಟು ಲೋಕ, ಹಾಡು ಎಲ್ಲ ಸೇರಿ 40 ಕೆಬಿ. ನಾನು ಮಾಡುವ ಒಂದು ಮದುವೆ ಕರೆಯೋಲೆಯ ಫೈಲು ಅದರ ಎಷ್ಟೋ ಪಟ್ಟು ಇರುತ್ತದೆ. ಇಷ್ಟು ಕಡಿಮೆ ಜಾಗದಲ್ಲಿ ಇಷ್ಟು ದೊಡ್ಡ ಊರು ಕಟ್ಟಿದವರ ಬಗ್ಗೆ ನನಗೆ ನಿಜವಾದ ಗೌರವ ಬಂತು.

ಎಂಟು ವರ್ಷದ ಮಗಳು ರಿಮೋಟ್ ಹಿಡಿದು ಐದು ನಿಮಿಷ ಆಡಿ ಕೇಳಿದಳು, "ಅಮ್ಮಾ, ಇವನು ಹಿಂದೆ ಯಾಕೆ ಹೋಗೋದಿಲ್ಲ?" ಹೌದು, ದಾಟಿ ಬಂದ ಜಾಗಕ್ಕೆ ಮಾರಿಯೋ ವಾಪಸ್ ಹೋಗಲಾರ, ಪರದೆ ಬಲಗಡೆಗಷ್ಟೇ ಸರಿಯುತ್ತದೆ. ಅಷ್ಟು ವರ್ಷ ಆಡಿಯೂ ನನಗೆ ಅದು ಪ್ರಶ್ನೆ ಅನ್ನಿಸಿರಲಿಲ್ಲ. ಅವಳಿಗೆ ಬಲೂನ್ ಫೈಟ್ ಅನ್ನುವ ಇನ್ನೊಂದು ಆಟ ಜಾಸ್ತಿ ಹಿಡಿಸಿತು.

ಇದರ ರಿಮೋಟಿನ ವೈರ್ ಗಿಡ್ಡ, ಮೂರು ಅಡಿಯೂ ಇಲ್ಲ. ಕೊಂಡವರೆಲ್ಲ ಅದನ್ನು ದೂರಿದ್ದಾರೆ. ನನಗೆ ಮಾತ್ರ ಆ ಗಿಡ್ಡ ವೈರ್ ಇಷ್ಟವಾಯಿತು. ಸೋಫಾ ಬಿಟ್ಟು ನೆಲಕ್ಕೆ ಇಳಿಯಲೇಬೇಕಾಯಿತು. 33 ವರ್ಷದ ನಾನು, 31 ವರ್ಷದ ತಮ್ಮ, ಟಿವಿ ಬುಡದಲ್ಲಿ ಭುಜಕ್ಕೆ ಭುಜ ತಾಗಿಸಿ ಕೂತಿದ್ದೆವು. ಒಳಗಿಂದ ಆಯಿ ಕೂಗಿದಳು, "ಹಿಂದೆ ಸರ್ಕಂಡು ಕೂತ್ಗಳಿ, ಕಣ್ಣು ಹಾಳಾಗ್ತು!" ಇಪ್ಪತ್ತು ವರ್ಷದ ಹಿಂದಿನ ಅದೇ ಮಾತು, ಅದೇ ರಾಗ.

ಆಮೇಲೆ ಚಿಕ್ಕಂದಿನಲ್ಲಿ ನಾವಿಬ್ಬರೂ ಜೊತೆಗೆ ಆಡುತ್ತಿದ್ದ ಗುಂಡು ಹಾರಿಸುವ ಆಟ ಕಾಂಟ್ರಾ ಹುಡುಕಿದೆವು. ಇಲ್ಲ. ಅದರ ಮುಂದಿನ ಭಾಗ ಸೂಪರ್ ಸಿ ಇದೆ. ಕಾಂಟ್ರಾದ 30 ಜೀವದ ಗುಟ್ಟು ನಮಗೆ ಮಗ್ಗಿಯ ಹಾಗೆ ಬಾಯಿಪಾಠ: ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ ಎಡ ಬಲ, ಬಿ, ಎ. ಒತ್ತುವವನು ಯಾವಾಗಲೂ ತಮ್ಮನೇ. ನನ್ನದು ಎರಡನೇ ರಿಮೋಟ್, ಅದಕ್ಕೆ ಸ್ಟಾರ್ಟ್, ಸೆಲೆಕ್ಟ್ ಗುಂಡಿಗಳೇ ಇರಲಿಲ್ಲ. ಸೂಪರ್ ಸಿ ಯಲ್ಲಿ ಆ ಗುಟ್ಟು ನಡೆಯುವುದಿಲ್ಲ. ಅದಕ್ಕೆ ಬಲ, ಎಡ, ಕೆಳಗೆ, ಮೇಲೆ, ಎ, ಬಿ, ಸಿಗುವುದು 10 ಜೀವ. ಆಟ ಚೆನ್ನಾಗಿದೆ. ಆದರೆ ನಾವಿಬ್ಬರೂ ಹುಡುಕುತ್ತಿದ್ದದ್ದು ಕಾಂಟ್ರಾದ ಜಲಪಾತವನ್ನು. ಅಲ್ಲಿ ಒಬ್ಬರು ಬೇಗ ಹತ್ತಿದರೆ ಕೆಳಗಿರುವವರು ಪರದೆಯಿಂದ ಹೊರಗುಳಿದು ಸಾಯುತ್ತಾರೆ. ತಮ್ಮ ಯಾವಾಗಲೂ ಬೇಗ ಹತ್ತುತ್ತಿದ್ದ. ನಾನು ಅತ್ತಿದ್ದೇನೆ.

ಹುಡುಕುತ್ತಾ ಹೋದ ಹಾಗೆ ಗೊತ್ತಾಯಿತು. ಟ್ಯಾಂಕ್ ಇಲ್ಲ. ರೋಡ್ ಫೈಟರ್ ಇಲ್ಲ. ಬೆಂಕಿಯ ಬಳೆಯೊಳಗೆ ಸಿಂಹದ ಮೇಲೆ ಕೂತು ಹಾರುವ ಸರ್ಕಸ್ ಇಲ್ಲ. ಬದಲಿಗೆ ನಾವು ಹೆಸರೂ ಕೇಳದ ಜೆಲ್ಡಾ, ಮೆಟ್ರಾಯ್ಡ್, ಫೈನಲ್ ಫ್ಯಾಂಟಸಿ.

ಮೊದಲು ಬೇಜಾರಾಯಿತು. ಆಮೇಲೆ ಕಾರಣ ಓದಿ ತಿಳಿದುಕೊಂಡೆ. ನಾವು ಆಡಿದ್ದು ಅಮೆರಿಕದ ಎನ್‌ಇಎಸ್ ಅಲ್ಲವೇ ಅಲ್ಲ. 1983ರಲ್ಲಿ ಜಪಾನಿನಲ್ಲಿ ಬಂದ ಫ್ಯಾಮಿಕಾಮ್‌ನ ನಕಲು. ಎರಡೂ ಒಂದೇ ಕಂಪನಿಯವು, ಒಳಗಿನ ಕೆಲಸವೂ ಹೆಚ್ಚುಕಡಿಮೆ ಒಂದೇ. ಆದರೆ ಜಪಾನಿನ ಕ್ಯಾಸೆಟ್‌ಗೆ 60 ಪಿನ್, ಅಮೆರಿಕದ್ದಕ್ಕೆ 72. ನಕಲು ಡಬ್ಬ 60 ಪಿನ್ನಿನದಾದ್ದರಿಂದ ಅದಕ್ಕೆ ಜಪಾನಿನ ಆಟಗಳೇ ತುಂಬಿ ಬಂದವು. ಎರಡನೇ ರಿಮೋಟಿಗೆ ಸ್ಟಾರ್ಟ್ ಇಲ್ಲದ್ದೂ ಫ್ಯಾಮಿಕಾಮ್‌ನಿಂದಲೇ ಬಂದ ಗುಣ. ನಾವು ಟ್ಯಾಂಕ್ ಅನ್ನುವುದು 1985ರ ಬ್ಯಾಟಲ್ ಸಿಟಿ, ಎನ್‌ಇಎಸ್‌ಗಾಗಿ ಅದು ಅಮೆರಿಕದಲ್ಲಿ ಮಾರಾಟಕ್ಕೇ ಬರಲಿಲ್ಲ. ಅಲ್ಲಿನ ಮಕ್ಕಳಿಗೆ ಗೊತ್ತಿಲ್ಲದ ಆಟ ಅಲ್ಲಿನವರ ನೆನಪಿನ ಡಬ್ಬದಲ್ಲಿ ಹೇಗೆ ಇರುತ್ತದೆ? ಜಪಾನಿನವರಿಗಾಗಿ ಮಾಡಿದ ಪುಟ್ಟ ಫ್ಯಾಮಿಕಾಮ್‌ನಲ್ಲೂ 30 ಆಟ ಇವೆ. 22 ಇವೇ, 8 ಬೇರೆ. ಅಲ್ಲೂ ಟ್ಯಾಂಕ್ ಇಲ್ಲ. ಶಿರಸಿಯಲ್ಲಿ, ಕಾರವಾರದಲ್ಲಿ, ಕುಮಟೆಯಲ್ಲಿ ನಕಲು ಡಬ್ಬ ಆಡಿದ ನಮ್ಮಂಥವರ ಪಟ್ಟಿಯನ್ನು ಇನ್ನೂ ಯಾರೂ ಮಾಡಿಲ್ಲ. ನಕಲಿ ಕ್ಯಾಸೆಟ್ ಸರಿಯಾದ ವ್ಯವಹಾರ ಅಂತ ನಾನು ಹೇಳುವುದಿಲ್ಲ. ಆದರೆ ನಮ್ಮ ನೆನಪು ನಕಲಿ ಅಲ್ಲ. ಈ ಮಾತನ್ನು ಗಟ್ಟಿಯಾಗಿ ಹೇಳಬೇಕು ಅನ್ನಿಸಿದ್ದರಿಂದಲೇ ಇದನ್ನು ಬರೆಯುತ್ತಿದ್ದೇನೆ.

ಇದು ಗಟ್ಟಿಯಾದದ್ದು ಆಯಿಯ ಒಂದು ಪ್ರಶ್ನೆಯಿಂದ. ಕೈ ಒರೆಸಿಕೊಳ್ಳುತ್ತಾ ಬಂದು ನಿಂತವಳು ಪಟ್ಟಿಯನ್ನು ಕೊನೆಯವರೆಗೂ ನೋಡಿದಳು. ತಮ್ಮನ ಕಡೆ ತಿರುಗಿ, "ಬಾತುಕೋಳಿ ಇಲ್ಯನಾ?" ಅಂದಳು.

ಪಿಸ್ತೂಲಿನಿಂದ ಬಾತುಕೋಳಿ ಹೊಡೆಯುವ ಡಕ್ ಹಂಟ್ ನಮ್ಮ ಮನೆಯಲ್ಲಿ ಆಯಿಯ ಆಟ. ನಾವು ಶಾಲೆಗೆ, ಅಪ್ಪಯ್ಯ ತೋಟಕ್ಕೆ ಹೋದ ಮೇಲೆ, ಮಧ್ಯಾಹ್ನ ಅಡುಗೆಮನೆ ಹೊಸಿಲ ಮೇಲೆ ನಿಂತು ಆಡುತ್ತಿದ್ದಳಂತೆ. ಒಂದು ದಿನ ಶಾಲೆ ಬೇಗ ಬಿಟ್ಟು ನಾವು ಬಂದಾಗ ಸಿಕ್ಕಿಬಿದ್ದಳು. ಆಮೇಲೆ ನಮ್ಮ ಎದುರಿಗೇ ಆಡಿದಳು. ಗುರಿ ತಪ್ಪುತ್ತಲೇ ಇರಲಿಲ್ಲ. ಅವಳಿಗೆ ಅಂತ ಇದ್ದ ಆಟ ಅದೊಂದೇ.

ಅದು ಈ ಡಬ್ಬದಲ್ಲಿ ಇಲ್ಲ. ಇದ್ದಿದ್ದರೂ ಈಗಿನ ಟಿವಿಯಲ್ಲಿ ಆ ಪಿಸ್ತೂಲು ಕೆಲಸ ಮಾಡುವುದಿಲ್ಲ. ಪಿಸ್ತೂಲಿನ ಕುದುರೆ (ಟ್ರಿಗರ್) ಎಳೆದ ತಕ್ಷಣ ಪರದೆ ಒಂದು ಕ್ಷಣ ಪೂರ್ತಿ ಕಪ್ಪಾಗುತ್ತದೆ, ಮರುಕ್ಷಣ ಬಾತುಕೋಳಿ ಇದ್ದ ಜಾಗ ಬಿಳಿ ಚೌಕವಾಗುತ್ತದೆ. ಪಿಸ್ತೂಲಿನ ಬಾಯೊಳಗೆ ಬೆಳಕು ನೋಡುವ ಕಣ್ಣು ಇದೆ. ಕಪ್ಪು, ಆಮೇಲೆ ಬಿಳಿ ಕಂಡರೆ ಏಟು ಬಿತ್ತು ಅಂತ ಲೆಕ್ಕ. ತಮ್ಮ ಬಲ್ಬಿಗೆ ಹಿಡಿದು ಮೋಸ ಮಾಡಲು ನೋಡಿ ಸೋತದ್ದು ಅದಕ್ಕೇ, ಬಲ್ಬು ಕಪ್ಪಾಗುವುದಿಲ್ಲವಲ್ಲ. ಹಳೆಯ ಟ್ಯೂಬ್ ಟಿವಿ ಚಿತ್ರವನ್ನು ತಡವಿಲ್ಲದೆ ಬರೆಯುತ್ತಿತ್ತು. ಎಲ್‌ಇಡಿ ಟಿವಿ ಚೂರು ತಡ ಮಾಡುತ್ತದೆ. ಆ ಚೂರಿನಲ್ಲಿ ಹಕ್ಕಿ ಹೋಗಿಬಿಟ್ಟಿರುತ್ತದೆ.

"ಇಲ್ಲೆ ಆಯಿ" ಅಂದ ತಮ್ಮ. ಆಯಿ "ಅಡ್ಡಿಲ್ಲೆ" ಅಂದು ಒಳಗೆ ಹೋದಳು. ನನಗೆ ಅಡ್ಡಿ ಇತ್ತು.

ತಮ್ಮ ವಾಪಸ್ ಹೋದ ಮೇಲೆ ಒಂದು ಭಾನುವಾರ ತವರಿನ ಅಟ್ಟ ಹತ್ತಿದೆ. ಹಳೆ ಡಬ್ಬ, ಹಳದಿ ಕ್ಯಾಸೆಟ್, ಪಿಸ್ತೂಲು ಗೋಣಿಚೀಲದಲ್ಲಿ ಕಟ್ಟಿಟ್ಟ ಹಾಗೇ ಇದ್ದವು. ಟಿವಿ ಎಂದೋ ಗುಜರಿಗೆ ಹೋಗಿತ್ತು. ಪಕ್ಕದ ಮನೆಯ ಭಾವನ ಹತ್ತಿರ ಕೇಳಿದೆ. ಅವರ ಅಟ್ಟದಲ್ಲಿ ಅಡಿಕೆ ಚೀಲದ ಹಿಂದೆ ಒಂದು ಕಲರ್ ಟ್ಯೂಬ್ ಟಿವಿ ಇತ್ತು. ಅವರೇ ಹೊತ್ತು ತಂದುಕೊಟ್ಟರು. ಅಡಾಪ್ಟರ್ ಸುಟ್ಟಿತ್ತು, ಶಿರಸಿಯಿಂದ 9 ವೋಲ್ಟಿನ ಬೇರೆಯದು ತಂದೆ. ಕ್ಯಾಸೆಟ್ಟಿನ ಪಿನ್ ಹಸಿರುಗಟ್ಟಿತ್ತು. ಈ ಸಲ ಊದಲಿಲ್ಲ. ಮಗಳ ಪೆನ್ಸಿಲ್ ರಬ್ಬರಿನಿಂದ ಒಂದೊಂದೇ ಪಿನ್ ಉಜ್ಜಿ, ಸ್ಪಿರಿಟ್ ಹಚ್ಚಿ ಒರೆಸಿದೆ. ಮೂರು ಸಲ ಬೂದು ಪರದೆ ಬಂತು. ನಾಲ್ಕನೇ ಸಲ ಪಟ್ಟಿ ಬಂತು.

ತಮ್ಮನಿಗೆ ಫೋನ್ ಮಾಡಿದೆ. ಅವನು ಒಂದು ಹೊಸ ವಿಷಯ ಹೇಳಿದ. ಒಂದೇ ಬಾತುಕೋಳಿಯ ಆಟದಲ್ಲಿ ಇನ್ನೊಬ್ಬರು ರಿಮೋಟ್ ಹಿಡಿದರೆ ಹಕ್ಕಿಯನ್ನು ಬೇಕಾದ ಕಡೆ ಹಾರಿಸಬಹುದಂತೆ. ಅಷ್ಟು ವರ್ಷ ಆಡಿದರೂ ನಮಗೆ ಗೊತ್ತಿರಲಿಲ್ಲ. ರಿಮೋಟನ್ನು ಮಗಳ ಕೈಗೆ ಕೊಟ್ಟೆ.

ಆಯಿ ಹೊಸಿಲ ಮೇಲೆಯೇ ನಿಂತಳು. ಮೊದಲ ಎರಡು ಹಕ್ಕಿ ಹಾರಿಹೋದವು. ಮೂರನೆಯದು ಬಿತ್ತು. ಹತ್ತರಲ್ಲಿ ಆರು ಬಿದ್ದರೆ ಮುಂದಿನ ಸುತ್ತು. ಮಗಳು ಏನೂ ಹೇಳದೆ ಹಕ್ಕಿಯನ್ನು ಕೆಳಗೆ ಕೆಳಗೇ, ಅಮ್ಮಮ್ಮನ ಪಿಸ್ತೂಲಿನ ನೇರಕ್ಕೆ ಹಾರಿಸುತ್ತಿದ್ದಳು. ಆರು ಬಿದ್ದವು. ಕೊಟ್ಟಿಗೆಯಲ್ಲಿ ದನ ಕೂಗತೊಡಗಿತ್ತು, ಹಾಲು ಕರೆಯುವ ಹೊತ್ತು. ಆಯಿಗೆ ಕೇಳಿಸಲಿಲ್ಲ. ತಂಬಿಗೆ ತೆಗೆದುಕೊಂಡು ನಾನೇ ಹೋದೆ.